ಜೋಡಿ ಕೋಣೆ

ದರ್ಜಿ ಮಾಬುಸಾಬರ ಹಣೆಗೆ ಪಟ್ಟಿ ಕಟ್ಟಿ, ಭುವನಾ ಹೂಗಾರ ಮೊದಲ ಪ್ರಶ್ನೆ ಕೇಳಿದಳು. ಪ್ರಶ್ನೆ ಮುಗಿಯುವ ಮುಂಚೆಯೇ ಗೋಡೆಯ ಮೇಲಿನ ದೀಪ ನೀಲಿಯಾಯಿತು.

ಮಾಬುಸಾಬರು ತಲೆ ತಗ್ಗಿಸಿದರು. "ತಪ್ಪಾತವ್ವಾ. ಬಡಿಗೇರ ಹುಡುಗಿ ಹೋದ ವರ್ಷನ ಇದನ್ನ ತಿಳಿಸಿಬಿಟ್ಟಿದ್ಳು. ಮರ್ತಿರಬೇಕು ಅಂತ ಬಂದೆ. ಮರೀವಲ್ದು ನೋಡು."

ಎರಡು ಗಂಟೆಯ ಅವಧಿ ಮುಗಿಯುವವರೆಗೆ ಬಾಗಿಲು ತೆರೆಯುವಂತಿರಲಿಲ್ಲ. ಎದುರುಬದುರಾದ ಎರಡು ಕುರ್ಚಿಗಳಲ್ಲಿ ಇಬ್ಬರೂ ಸುಮ್ಮನೆ ಕುಳಿತರು.

ಹಿರೇಬಾವಿಯ ಪ್ರೌಢಶಾಲೆ ಹಿಂದೆ ಹೀಗಿರಲಿಲ್ಲ. ಸಾಲು ಬೆಂಚು, ಕರಿಹಲಗೆ, ವರ್ಷದ ಕೊನೆಗೊಂದು ಪರೀಕ್ಷೆ ಇದ್ದವು. ಹತ್ತನೆಯ ತರಗತಿಯಲ್ಲಿ ಉನ್ನತ ಶ್ರೇಣಿ ಪಡೆದ ಮಕ್ಕಳನ್ನು ವರ್ಷದ ನಂತರ ಮತ್ತೆ ಅವೇ ಪ್ರಶ್ನೆಗಳನ್ನು ಕೇಳಿದಾಗ ಅವರಿಗೆ ಏನೂ ಗೊತ್ತಿಲ್ಲವೆಂಬುದು ಬಯಲಾಯಿತು. ಆಗ ಸರಕಾರ ತೇರ್ಗಡೆಯ ನಿಯಮವನ್ನು ಬಿಗಿಗೊಳಿಸಿತು. ತಾನು ಕಲಿತರೆ ಸಾಲದು, ಬೇರೊಬ್ಬರಿಗೆ ಅರ್ಥ ಮಾಡಿಸಿದವರಿಗೆ ಮಾತ್ರ ಪ್ರಮಾಣಪತ್ರ. ನಿಗದಿಯಾದ ಹನ್ನೆರಡು ವಿಷಯಗಳಲ್ಲಿ ಪ್ರತಿಯೊಂದನ್ನೂ ತನ್ನ ಊರಿನ, ಅದನ್ನು ಅರಿಯದ ಒಬ್ಬ ವಯಸ್ಕರಿಗೆ ತಿಳಿಯಪಡಿಸಬೇಕು.

ಇದನ್ನು ಸಾಧ್ಯವಾಗಿಸಿದ್ದು ಡಾಕ್ಟರ್ ಸೌದಾಮಿನಿ ಶೆಣೈ ರೂಪಿಸಿದ ಅರಿವುಮಾಪಕ. ಬಾಯಿಪಾಠದ ಮಾತು ಮಿದುಳಿನಲ್ಲಿ ಒಂಟಿಯಾಗಿ ಬಿದ್ದಿರುತ್ತದೆ. ನಿಜವಾಗಿ ಅರ್ಥವಾದದ್ದು ಹಾಗಲ್ಲ, ಅದು ಬದುಕಿನ ಹತ್ತಾರು ನೆನಪುಗಳಿಗೆ ಒಮ್ಮೆಲೇ ಕೊಂಡಿ ಹಾಕಿಕೊಳ್ಳುತ್ತದೆ. ಆ ಕೊಂಡಿ ಬೀಳುವ ಕ್ಷಣವನ್ನು ಹಣೆಯ ಪಟ್ಟಿ ಗುರುತಿಸುತ್ತಿತ್ತು. ಅರಿಯದಿದ್ದರೆ ಕೆಂಪು ದೀಪ, ಈಗತಾನೇ ಅರಿತರೆ ಹಸಿರು, ಮೊದಲೇ ಬಲ್ಲವರಾದರೆ ನೀಲಿ. ಅದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಶಾಲೆಯ ಕಟ್ಟಡವನ್ನೂ ಡಾಕ್ಟರ್ ಶೆಣೈ ಅವರೇ ಹೊಸದಾಗಿ ವಿನ್ಯಾಸಗೊಳಿಸಿದರು. ತರಗತಿಗಳ ಗೋಡೆ ಒಡೆದು ನಲವತ್ತು ಜೋಡಿ ಕೋಣೆಗಳನ್ನು ಮಾಡಿಸಿದರು. ಒಮ್ಮೆ ಹೆಸರು ನೋಂದಾಯಿಸಿದ ಜೋಡಿ, ಹಿಡಿದ ವಿಷಯಗಳಿಗೆಲ್ಲ ಹಸಿರು ದೀಪ ಹತ್ತುವವರೆಗೆ ದಿನವೂ ಬಂದು ಕೂರಬೇಕು. ಬಾಗಿಲು ಹಸಿರಿಗೆ ತೆರೆಯುತ್ತದೆ, ಇಲ್ಲವೇ ಅವಧಿ ಮುಗಿದಾಗ ತೆರೆಯುತ್ತದೆ. ನೀಲಿ ಹತ್ತಿದರೆ ಆ ಜೋಡಿ ರದ್ದಾಗುತ್ತದೆ.

ಮೊದಮೊದಲು ಊರೇ ಬೆರಗಾಯಿತು. ಆಟೋ ಓಡಿಸುವವರು ಘರ್ಷಣೆಯ ಬಗ್ಗೆ ಚರ್ಚಿಸಿದರು. ಖಾನಾವಳಿಯ ಅಡುಗೆಯವರು ಬೇಳೆ ಬೇಯಲು ಒತ್ತಡ ಯಾಕೆ ಬೇಕೆಂದು ಗಿರಾಕಿಗಳಿಗೆ ವಿವರಿಸಿದರು. ಆದರೆ ಒಂಬತ್ತನೆಯ ವರ್ಷದ ಹೊತ್ತಿಗೆ ಊರಿನಲ್ಲಿ ಅರಿಯದವರೇ ಸಿಗದಂತಾಯಿತು. ಯಾರನ್ನು ಕರೆತಂದರೂ ನೀಲಿ ದೀಪ. ಮೀಸೆ ಬಂದ ಹುಡುಗರು ಹತ್ತನೆಯ ತರಗತಿಯಲ್ಲೇ ಉಳಿದರು. ಸರಕಾರ ವಯಸ್ಸಿನ ಮಿತಿಯನ್ನು ತೆಗೆದುಹಾಕಿತು, ನಿಯಮವನ್ನು ಸಡಿಲಿಸಲಿಲ್ಲ.

ಭುವನಾಳಿಗೆ ಹತ್ತೊಂಬತ್ತು ತುಂಬಿತ್ತು. ಅವಳ ತಂಗಿಯೂ ಈಗ ಅದೇ ತರಗತಿಗೆ ಬಂದು ಸೇರಿದ್ದಳು. ನರ್ಸಿಂಗ್ ಕಾಲೇಜಿನವರು ಎರಡು ಸಲ ಭುವನಾಳಿಗಾಗಿ ಜಾಗ ಕಾದಿರಿಸಿ ಕೈಬಿಟ್ಟಿದ್ದರು. ಅವಳಿಗೆ ಬಾಕಿ ಇದ್ದದ್ದು ಎರಡೇ ವಿಷಯ, ಅನುವಂಶೀಯತೆ ಮತ್ತು ಸಂಭವನೀಯತೆ.

ಊರಿನಲ್ಲಿ ಒಂದೂ ಪಾಠ ಕೇಳದೆ ಉಳಿದವಳೆಂದರೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದ ಫಕೀರವ್ವ. ವಯಸ್ಸು ಅರವತ್ತು ದಾಟಿತ್ತು. ಕಲಿಯುವವರ ಹೆಬ್ಬೆಟ್ಟಿಲ್ಲದೆ ಜೋಡಿ ನೋಂದಾಯಿಸುವಂತಿರಲಿಲ್ಲ, ಅವಳು ಹೆಬ್ಬೆಟ್ಟು ಕೊಟ್ಟಿರಲಿಲ್ಲ. ಹೀಗಾಗಿ ಬೆಳಗಾದರೆ ಅವಳ ಅಂಗಳದಲ್ಲಿ ವಿದ್ಯಾರ್ಥಿಗಳು, ಅವರ ಹಿಂದೆ ತಂದೆತಾಯಿಗಳು. ನಲ್ಲಿಗೆ ಹೋದರೆ ನಾಲ್ಕು ಜನ ಕೊಡ ಹಿಡಿಯಲು ಓಡಿಬರುವರು. ಅವಳು ಬಾಗಿಲು ಹಾಕಿಕೊಂಡು ಒಳಗೇ ಇರತೊಡಗಿದಳು.

ಒಂದು ದಿನ ಭುವನಾ ಹಿತ್ತಲ ಕಿಟಕಿಯ ಹತ್ತಿರ ನಿಂತು ಹೇಳಿದಳು: "ಆಯಿ, ಒಬ್ಬರ ಕೂಡ ಜೋಡಿ ಆದ್ರ ಉಳದವರು ನಿಮ್ಮನ್ನ ಮುಟ್ಟಂಗಿಲ್ರಿ. ಕಾಯ್ದೆ ಐತಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಮತ್ತ ನಿನ್ನ ಕೈಯಾಗ ಸಿಗಬೇಕಲ್ಲ?"

"ಹೌದ್ರಿ. ಆದ್ರ ನಾ ಒಬ್ಬಾಕಿನ."

ಕಿಟಕಿಯಿಂದ ಹಿಟ್ಟು ಮೆತ್ತಿದ ಹೆಬ್ಬೆರಳು ಹೊರಗೆ ಬಂತು. "ಇಷ್ಟು ಮಂದೀಕಿಂತ ನೀ ಒಬ್ಬಾಕಿ ವಾಸಿ. ಒತ್ತಿಸ್ಕೊ."

ಜೋಡಿ ಕೋಣೆಯಲ್ಲಿ ಹಲವು ದಿನ ಕೆಂಪು ದೀಪವೇ ಉರಿಯಿತು. ವರ್ಣತಂತು ಎಂದರೆ ಫಕೀರವ್ವ ಆಕಳಿಸುವಳು. ಕೊನೆಗೆ ಭುವನಾ ಬಿಳಿಜೋಳ, ಕೆಂಪುಜೋಳ ತಂದು ಮೇಜಿನ ಮೇಲೆ ಹರವಿದಳು.

"ನೋಡ್ರಿ ಆಯಿ. ತಾಯಿ ಉಡಿಯೊಳಗ ಎರಡೂ ಬಿಳಿ ಕಾಳ. ಆಕಿ ಏನ್ ಕೊಟ್ರೂ ಬಿಳೀದ ಕೊಡಬೇಕು. ತಂದಿ ಹತ್ರ ಒಂದು ಬಿಳಿ, ಒಂದು ಕೆಂಪು. ಎರಡೂ ಬಿಳಿ ಕೂಡಿದ್ರ ಹೆಣ್ಣು. ಕೆಂಪು ಬಂದ್ರ ಗಂಡು."

ಫಕೀರವ್ವ ಕಾಳುಗಳನ್ನು ಬೆರಳಿನಿಂದ ಸರಿಸಿದಳು. "ತಾಯಿ ಹತ್ರ ಕೆಂಪು ಕಾಳ ಇಲ್ಲನ ಇಲ್ಲ?"

"ಇಲ್ರಿ."

"ಹರಕಿ ಹೊತ್ರೂ? ಉಪಾಸ ಮಾಡಿದ್ರೂ?"

"ಇಲ್ಲದ್ದನ್ನ ಎಲ್ಲಿಂದ ಕೊಡ್ತಾಳ್ರಿ?"

ದೀಪ ಹಸಿರಾಯಿತು. ಬಾಗಿಲು ತಾನಾಗಿ ತೆರೆಯಿತು. ಭುವನಾ ಸಂತೋಷದಿಂದ ಎದ್ದು ನಿಂತಳು. ಫಕೀರವ್ವ ಏಳಲಿಲ್ಲ.

ಅವಳಿಗೆ ನಾಲ್ಕು ಹೆಣ್ಣುಮಕ್ಕಳು. ನಾಲ್ಕನೆಯದು ಹುಟ್ಟಿ ಹಸಿಮೈ ಆರುವ ಮುಂಚೆ ಗಂಡ ಅಂದಾನಪ್ಪ, ಗಂಡು ಹೆರದ ಹೊಟ್ಟೆ ಎಂದು ಅವಳನ್ನೂ ಮಕ್ಕಳನ್ನೂ ಬೀದಿಗೆ ನಿಲ್ಲಿಸಿದ್ದ. ಎರಡನೆಯ ಹೆಂಡತಿಗೆ ಗಂಡುಮಗು ಹುಟ್ಟಿತು. ಅದರಿಂದ ಊರಿಗೆಲ್ಲ ತಪ್ಪು ಅವಳದೇ ಎಂದು ಸಾಬೀತಾದಂತಾಯಿತು, ಫಕೀರವ್ವನಿಗೂ ಸಹ. ಮೂವತ್ತೈದು ವರ್ಷ ಅವಳು ತನ್ನ ಹೊಟ್ಟೆಯನ್ನೇ ಶಪಿಸಿಕೊಂಡಿದ್ದಳು. ತಂದೆಯ ಬೀಜವೇ ಕಾರಣ ಎಂಬ ಮಾತು ರೇಡಿಯೋದಲ್ಲಿ, ದವಾಖಾನೆಯ ಗೋಡೆಯ ಚಿತ್ರದಲ್ಲಿ ಅವಳ ಕಿವಿಗೆ, ಕಣ್ಣಿಗೆ ಎಷ್ಟೋ ಸಲ ಬಿದ್ದಿತ್ತು. ಇಂದು ಅರ್ಥವಾಗಿತ್ತು.

"ಅವನ ಹತ್ರ ಇತ್ತಂತ ಕೆಂಪು ಕಾಳ," ಎಂದಳು ಫಕೀರವ್ವ. "ಅವ ಕೊಡಲಿಲ್ಲ. ನನ್ನ ಬೈಸಿದ."

ಮರುದಿನದಿಂದ ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟಳು. ಮಾತೂ ಕಡಿಮೆಯಾಯಿತು. ಹೊಸಿಲ ಮೇಲೆ ಕೂತು ಹಾದು ಹೋಗುವವರನ್ನು ಸಿಟ್ಟಿನಿಂದ ನೋಡುವಳು.

ಭುವನಾ ಅಂಜಿದಳು. ಉಳಿದ ವಿಷಯ ಸಂಭವನೀಯತೆ. ಅದನ್ನು ತಿಳಿಸಿದರೆ ಅಂದಾನಪ್ಪನ ಕೈಯಲ್ಲೂ ಏನೂ ಇರಲಿಲ್ಲವೆಂದು ಈ ಮುದುಕಿಗೆ ಅರ್ಥವಾಗುತ್ತದೆ. ಮೂವತ್ತೈದು ವರ್ಷದ ನಂತರ ಸಿಕ್ಕ ಸಿಟ್ಟನ್ನೂ ಕಿತ್ತುಕೊಂಡಂತಾಗುತ್ತದೆ. ಭುವನಾ ಶಾಲೆಯಲ್ಲೇ ಇದ್ದ ಡಾಕ್ಟರ್ ಶೆಣೈ ಅವರ ಕೊಠಡಿಗೆ ಹೋದಳು.

"ಮೇಡಂ, ನನ್ನ ಜೋಡಿ ಬದಲಿ ಮಾಡ್ರಿ."

"ನಿಯಮದಲ್ಲಿ ಅವಕಾಶ ಇಲ್ಲಮ್ಮ," ಎಂದರು ಶೆಣೈ. "ಬೇರೆಯವರು ಸಿಗುವುದೂ ಇಲ್ಲ. ಒಂದೇ ಒಂದು ಹಸಿರು ದೀಪ ಬಾಕಿ ಇದೆ. ಈಗ ಯಾಕೆ ಹಿಂಜರಿಯುತ್ತೀ?"

"ಗೊತ್ತಾದ ಮ್ಯಾಲೆ ಅವರು ಏನಾಗ್ತಾರ ಅಂತ ನಿಮ್ಮ ಯಂತ್ರ ಅಳೀತೈತೇನ್ರಿ?"

ಶೆಣೈ ಕನ್ನಡಕ ತೆಗೆದು ಒರೆಸಿದರು. "ಇಲ್ಲ. ಅರ್ಥವಾದ ಕ್ಷಣ ಮಾತ್ರ ಅಳೆಯುತ್ತದೆ. ಆಮೇಲಿನದು ನಮ್ಮ ಕೆಲಸ ಅಂತ ನಾನು ಅಂದುಕೊಂಡಿರಲಿಲ್ಲ."

ಭುವನಾ ಕೋಣೆಯಲ್ಲಿ ದಿನವೂ ಸುಮ್ಮನೆ ಕೂತು ಅವಧಿ ಕಳೆಯತೊಡಗಿದಳು. ಪಾಠ ಹೇಳುವಂತಿಲ್ಲ, ಎದ್ದು ಹೋಗುವಂತಿಲ್ಲ. ಕೆಂಪು ಬೆಳಕಿನಲ್ಲಿ ಇಬ್ಬರ ಮುಖವೂ ಒಂದೇ ಬಣ್ಣಕ್ಕೆ ತಿರುಗಿತ್ತು. ಕೊನೆಗೆ ಫಕೀರವ್ವನೇ ಬಾಯಿಬಿಟ್ಟಳು.

"ಯಾಕವ್ವಾ, ಬಾಯಿ ಬಿದ್ದೈತೇನು? ಇನ್ನೊಂದು ಪಾಠ ಐತೆಲ್ಲ."

"ಅದು ಬ್ಯಾಡ್ರಿ ಆಯಿ."

"ಅರ್ಧಾ ಹೇಳಿ ಬಿಡಬ್ಯಾಡ. ಅರ್ಧಾ ತಿಳಕೊಂಡು ನಾ ಮನಿಯೊಳಗ ಕುಂದ್ರಾಕ ಆಗವಲ್ದು. ಹೇಳು."

ಭುವನಾ ಸೀಳಿದ ಹುಣಸೆಬೀಜವೊಂದನ್ನು ತಂದಳು. ಒಂದು ಮೈ ಕಪ್ಪು, ಒಂದು ಮೈ ಬಿಳಿ. ಫಕೀರವ್ವ ಎಸೆದಳು, ಮತ್ತೆ ಎಸೆದಳು. ಯಾವ ಮೈ ಬೀಳಬೇಕೆಂದು ಎಸೆಯುವ ಕೈ ತೀರ್ಮಾನಿಸುವುದಿಲ್ಲ, ಹಿಂದೆ ಬಿದ್ದದ್ದನ್ನು ಬೀಜ ನೆನಪಿಡುವುದೂ ಇಲ್ಲ ಎಂದು ಭುವನಾ ವಿವರಿಸಿದಳು. ನಾಲ್ಕು ಕೂಸು ಹುಟ್ಟಿದ ಹದಿನಾರು ಮನೆ ತೆಗೆದುಕೊಂಡರೆ, ಸುಮಾರಾಗಿ ಒಂದು ಮನೆಯಲ್ಲಿ ನಾಲ್ಕೂ ಹೆಣ್ಣೇ ಇರುತ್ತವೆ.

"ಆ ಒಂದು ಮನಿ ನಂದು," ಎಂದಳು ಫಕೀರವ್ವ.

"ಹೌದ್ರಿ."

"ಯಾರ ತಪ್ಪೂ ಅಲ್ಲ."

"ಯಾರ ತಪ್ಪೂ ಅಲ್ರಿ."

"ಹಂಗಾದ್ರ ನಾ ಯಾರ ಮ್ಯಾಲೆ ಸಿಟ್ಟಾಗ್ಲಿ?"

ಮುದುಕಿ ಬೀಜವನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ಆಮೇಲೆ ಒಂದೊಂದೇ ಮಾತು ಹುಡುಕುತ್ತ ಹೇಳಿದಳು:

"ಕೂಸು ಹೆಣ್ಣಾಗಿದ್ದು ಹುಣಸಿಬೀಜದ ಆಟ. ಖರೆ. ಆದ್ರ ನನ್ನ ಹೊರಗ ಹಾಕಿದ್ದು ಆಟ ಅಲ್ಲ. ಅದನ್ನ ಅವ ಕೈಯಾರೆ ಮಾಡಿದ."

ದೀಪ ಹಸಿರಾಯಿತು.

ಭುವನಾಳಿಗೆ ಪ್ರಮಾಣಪತ್ರ ಸಿಕ್ಕಿತು. ಕಾಲೇಜು ಶುರುವಾಗುವವರೆಗೆ ಶಾಲೆಯಲ್ಲೇ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಅವಳನ್ನು ಇಟ್ಟುಕೊಂಡರು. ಆ ಜೂನ್‌ನಲ್ಲಿ ಹೊಸ ಆದೇಶ ಬಂತು. ಅರಿಯದವರ ಕೊರತೆ ತೀವ್ರವಾಗಿರುವುದರಿಂದ ಇನ್ನು ಮುಂದೆ ವಿದ್ಯಾರ್ಥಿ ಹೆಸರಿಸಿದವರು ಒಲ್ಲೆ ಎನ್ನುವಂತಿಲ್ಲ. ಅದೇ ವಾರ ಸೊಲ್ಲಾಪುರದಲ್ಲಿದ್ದ ಅಂದಾನಪ್ಪ ಮಗನ ಜೊತೆ ಊರಿಗೆ ಮರಳಿದ. ಎಂಟು ಪಾಠಗಳಿಗಾದರೂ ಆದಾನು ಎಂದು ವಿದ್ಯಾರ್ಥಿಗಳು ಅವನ ಮನೆಯತ್ತ ಓಡಿದರು. ಆದರೆ ಅಷ್ಟರಲ್ಲಿ ಅವನ ಹೆಸರು ನೋಂದಣಿಯಾಗಿ ಹೋಗಿತ್ತು.

"ಯಾವ ವಿದ್ಯಾರ್ಥಿ?" ಎಂದು ಶೆಣೈ ಕೇಳಿದರು.

"ನಾನ್ರಿ ಅಕ್ಕೋರ," ಎಂದು ಫಕೀರವ್ವ ಮುಂದೆ ಬಂದಳು. "ವಯಸ್ಸಿನ ಮಿತಿ ಇಲ್ಲಂತಲ್ಲ. ಹತ್ತನೇತ್ತಕ್ಕ ಹೆಸರು ಹಚ್ಚೀನಿ."

ಅಂದಾನಪ್ಪನನ್ನು ಮಗ ಗಾಲಿಕುರ್ಚಿಯಲ್ಲಿ ತಂದು ಬಿಟ್ಟ. ಭುವನಾ ಹಣೆಗೆ ಪಟ್ಟಿ ಕಟ್ಟಿ ಹೊರಗೆ ಬಂದು, ಶೆಣೈ ಅವರ ಜೊತೆ ಬಾಗಿಲ ಪಕ್ಕದ ಗಾಜಿನಾಚೆ, ಯಂತ್ರದ ಪರದೆಯ ಮುಂದೆ ನಿಂತಳು. ಬಾಗಿಲು ಮುಚ್ಚಿತು.

ಫಕೀರವ್ವ ಮೇಜಿನ ಮೇಲೆ ಕಾಳು ಹರವಿದಳು. "ಹುಟ್ಟೂ ಕೂಸು ಗಂಡೋ ಹೆಣ್ಣೋ, ಅದು ಯಾರ ಬೀಜದಿಂದ..."

ದೀಪ ನೀಲಿಯಾಯಿತು.

"ಯಂತ್ರದ ದೋಷವಿರಬೇಕು," ಎಂದರು ಶೆಣೈ. ಪರದೆಯ ಅಂಕಿಗಳತ್ತ ಬಾಗಿದರು. ಅದು ಮೊನ್ನೆ ಮೊನ್ನೆಯ ಅರಿವಾಗಿರಲಿಲ್ಲ. ಬಹಳ ಹಳೆಯದು, ಆಳಕ್ಕೆ ಇಳಿದದ್ದು.

ಫಕೀರವ್ವ ದೀಪವನ್ನು ನೋಡಿದಳು. ಗಂಡನನ್ನು ನೋಡಿದಳು. "ಯಾವಾಗಿಂದ ಗೊತ್ತು?"

ಅವನು ಬಾಗಿಲ ಕಡೆ ತಿರುಗಿದ. ಅದು ತೆರೆಯುವಂತಿರಲಿಲ್ಲ. "ಎರಡನೇ ಕೂಸು ಹುಟ್ಟಿದಾಗ," ಎಂದ ತೊದಲುತ್ತ. "ದವಾಖಾನ್ಯಾಗ ಡಾಕ್ಟರು ಕುಂದ್ರಿಸಿ ಹೇಳಿದ್ರು."

"ಗೊತ್ತಿದ್ದೂ ಮಾಡಿದಿ?"

"ನಂಗ ಗೊತ್ತಿದ್ರ ಏನಾತು? ಊರಿಗೆ ಗೊತ್ತಿರಲಿಲ್ಲಲ್ಲ."

ಗಾಜಿನಾಚೆ ಶೆಣೈ ತುರ್ತು ಗುಂಡಿಯ ಮೇಲೆ ಬೆರಳಿಟ್ಟರು. ಮೊದಲೇ ಬಲ್ಲವನು ಕಲಿಯುವವನ ಕುರ್ಚಿಗೆ ಅನರ್ಹ, ಜೋಡಿಯನ್ನು ರದ್ದುಗೊಳಿಸಬೇಕು. ಅಷ್ಟರಲ್ಲಿ ಒಳಗೆ ಫಕೀರವ್ವ ಕಾಳುಗಳನ್ನು ಬಳಿದು ಸೆರಗಿಗೆ ಹಾಕಿಕೊಂಡಳು. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದಳು.

"ಈ ಪಾಠ ನಿಂಗ ಬರ್ತೈತಿ. ಬಿಡು. ಹಸಿ ಬಾಣಂತಿ, ನಾಕು ಕೂಸು ಕಟಗೊಂಡು ಆವತ್ತ ರಾತ್ರಿ ಎಲ್ಲಿ ಮಲಗಿದ್ಳು, ಹೇಳು?"

ನೀಲಿ ಆರಿತು. ಕೆಂಪು ಹತ್ತಿತು.

"ನಿಂಗ ಗೊತ್ತಿಲ್ಲ," ಎಂದಳು ಫಕೀರವ್ವ. "ಹಂಗಾದ್ರ ಕೇಳು."

ಭುವನಾ ಶೆಣೈ ಅವರ ಕೈ ನೋಡಿದಳು. ಬೆರಳು ಗುಂಡಿಯಿಂದ ಹಿಂದೆ ಸರಿಯಿತು. "ಪಾಠ ನಡೆಯುತ್ತಿದೆ," ಎಂದರು ಅವರು, ತಮಗೇ ಹೇಳಿಕೊಳ್ಳುವಂತೆ.

ಮಳೆಗಾಲ ಪೂರ್ತಿ ಅಂದಾನಪ್ಪನನ್ನು ದಿನವೂ ಕರೆತರಲಾಯಿತು. ಮೊದಲನೆಯ ವರ್ಷ ಏನು ತಿಂದರು, ಮೂರನೆಯ ಮಗಳಿಗೆ ಜ್ವರ ಬಂದಾಗ ಯಾರ ಬಾಗಿಲು ಬಡಿದಳು, ಶಾಲೆಯಲ್ಲಿ ಅಪ್ಪನ ಹೆಸರು ಕೇಳಿದಾಗ ಮಕ್ಕಳು ಏನೆಂದರು, ಎಲ್ಲವನ್ನೂ ಫಕೀರವ್ವ ರೊಟ್ಟಿ ಬಡಿಯುವ ನಿಧಾನದಲ್ಲೇ ಹೇಳಿದಳು. ಬಯ್ಯಲಿಲ್ಲ. ಅವನು ಹೂಂ ಎಂದ, ತಪ್ಪಾಯಿತು ಎಂದ, ಕೈ ಮುಗಿದ. ದೀಪ ಕೆಂಪಾಗಿಯೇ ಇತ್ತು. ಬಾಯಿಮಾತಿನ ಪಶ್ಚಾತ್ತಾಪವನ್ನೂ ಅದು ಬಾಯಿಪಾಠವೆಂದೇ ಲೆಕ್ಕ ಹಾಕುತ್ತಿತ್ತು.

ಸುದ್ದಿ ಹಬ್ಬಿತು. ಮುಂದಿನ ತಿಂಗಳುಗಳಲ್ಲಿ ಹಿರೇಬಾವಿಯ ಶಾಲೆಗೆ ನಡುವಯಸ್ಸಿನವರು ಒಬ್ಬೊಬ್ಬರಾಗಿ ಬಂದು ಹತ್ತನೆಯ ತರಗತಿಗೆ ಹೆಸರು ಹಚ್ಚಿಸಿದರು. ಹೆಸರು ಹಚ್ಚುವಾಗಲೇ ತಮ್ಮೆದುರು ಯಾರನ್ನು ಕೂರಿಸಬೇಕೆಂದು ಪ್ರತಿಯೊಬ್ಬರೂ ನಿಶ್ಚಯಿಸಿಕೊಂಡಿದ್ದರು. ಯಾವ ವಿಷಯ ಎಂದು ಕೇಳಿದರೆ ಮಾತ್ರ ಉತ್ತರಿಸುತ್ತಿರಲಿಲ್ಲ.

ದೀಪಾವಳಿಗೆ ಕೆಲವು ದಿನ ಮುಂಚೆ, ಎರಡನೆಯ ಮಗಳು ಅಪ್ಪ ಬರುವನೆಂದು ಮೂರು ವರ್ಷ ಸಂಜೆ ಸಂಜೆ ಬೀದಿಯ ತಿರುವಿನಲ್ಲಿ ನಿಲ್ಲುತ್ತಿದ್ದುದನ್ನು ಫಕೀರವ್ವ ಹೇಳುತ್ತಿದ್ದಳು. ಅಂದಾನಪ್ಪ ಅಂದು ಹೂಂಗುಟ್ಟಲಿಲ್ಲ, ಕೈ ಮುಗಿಯಲಿಲ್ಲ. "ಮೂರು ವರ್ಷ?" ಎಂದಷ್ಟೇ ಕೇಳಿದ.

ದೀಪ ಹಸಿರಾಯಿತು. ಬಾಗಿಲು ತೆರೆಯಿತು.

ಫಕೀರವ್ವ ಅವನ ಹಣೆಯ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು, ಸೆರಗು ಕೊಡವಿಕೊಂಡು ಎದ್ದು ಹೊರಗೆ ನಡೆದಳು. ಮಗ ಬಂದು ಗಾಲಿಕುರ್ಚಿಯ ಹಿಡಿಕೆ ಹಿಡಿದ. ಅಂದಾನಪ್ಪ ಅವಳ ಖಾಲಿ ಕುರ್ಚಿಯನ್ನೇ ನೋಡುತ್ತ ಎರಡೂ ಕೈಗಳಿಂದ ಚಕ್ರಗಳನ್ನು ಬಿಗಿಯಾಗಿ ಹಿಡಿದುಕೊಂಡ, ಎಷ್ಟು ತಳ್ಳಿದರೂ ಬಿಡಲಿಲ್ಲ.