ಚರಗದ ಕೂಗು

"ಹೆಲ್ಮೆಟ್ ತಗೀಯವ್ವಾ, ನೋಡಿದವ್ರು ನಗ್ತಾರ."

"ನಗವಲ್ರ್ಯಾಕ. ನಿನ್ನ ಬಿಟ್ಟು ಹೊಳ್ಳಿ ಹೋಗಾಕಿ ನಾ. ಬೈಲಹೊಂಗಲದಾಗ ಹೊಲಿಯೂ ಬ್ಲೌಸು ರಾಶಿ ಬಿದ್ದಾವ."

ಅವ್ವ ಹೊಲದ ಬದುವಿನ ಹತ್ತಿರ ಸ್ಕೂಟಿ ನಿಲ್ಲಿಸಿ ಅದರ ಮೇಲೆಯೇ ಕೂತಿದ್ದಳು. ಶಿವಾನಿ ಮುಖ ಉಬ್ಬಿಸಿಕೊಂಡು ಇಳಿದಳು.

ಅವತ್ತು ಎಳ್ಳ ಅಮಾವಾಸ್ಯೆ. ದೊಡವಾಡದ ಹೊಲಗಳಲ್ಲೆಲ್ಲ ಜನ. ಅಪ್ಪನ ಹೊಲದ ಬನ್ನಿ ಗಿಡದ ಕೆಳಗೆ ಅಜ್ಜಿ ಸುಂದರವ್ವ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದ್ದಳು. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಬದನೆಕಾಯಿ ಎಣಗಾಯಿ ಇದ್ದವು. ಅವ್ವ, ಅಪ್ಪ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಅದನ್ನು ಉಣ್ಣಬೇಕು. ಶಿವಾನಿಯ ಆಸೆ ಅಷ್ಟೇ.

ಡೈವೋರ್ಸ್ ಆದ ಮೇಲೆ ಅವರು ಹಾಗೆ ಕೂತೇ ಇರಲಿಲ್ಲ. ಅದಕ್ಕೆ ಮೊದಲು ಮನೆಯಲ್ಲಿ ದೊಡ್ಡ ಜಗಳವೇನೂ ಇರಲಿಲ್ಲ. ಅವ್ವ ಏನಾದರೂ ಕೇಳುತ್ತಿದ್ದಳು, ಅಪ್ಪ ಮೊಬೈಲ್ ನೋಡುತ್ತ ಸುಮ್ಮನಿರುತ್ತಿದ್ದ. "ಗ್ವಾಡಿ ಜೋಡಿ ಎಷ್ಟಂತ ಮಾತಾಡ್ಲಿ?" ಎಂದು ಅವ್ವ ಒಂದು ದಿನ ಬ್ಯಾಗು ಕಟ್ಟಿದ್ದಳು.

"ಮಧು, ನೆಳ್ಳಿಗೆ ಬಾ ಯವ್ವಾ," ಸುಂದರವ್ವ ಕರೆದಳು. "ತೆಲಿಮ್ಯಾಲೆ ಗಡಿಗಿ ಹೊತ್ಕೊಂಡು ಬಿಸಲಾಗ ಕುಂತೀಯಲ್ಲ!"

"ಇರ್ಲಿ ಬಿಡ್ರಿ ಅತ್ತಿ," ಎಂದ ಅವ್ವ, ಹಳೆಯ ರೂಢಿಯ ಮಾತು ಬಾಯಿಗೆ ಬಂತೆಂದು ತಟ್ಟನೆ ಬೇರೆ ಕಡೆ ನೋಡಿದಳು.

ಪೂಜೆಯಾದ ಮೇಲೆ ಚರಗ ಚೆಲ್ಲಬೇಕು. ಅಡುಗೆಯನ್ನೆಲ್ಲ ಕಲಸಿ ಭೂಮಿತಾಯಿಗೆ ಉಣಿಸುವುದು ಅದು. ಒಬ್ಬರು ಕೂಗುತ್ತ ಮುಂದೆ ಚೆಲ್ಲಿದರೆ, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಓಗೊಡಬೇಕು. ಮೊದಲೆಲ್ಲ ನೀರಿನ ತಂಬಿಗೆ ಅವ್ವನ ಕೈಯಲ್ಲಿರುತ್ತಿತ್ತು. ಹೋದ ವರ್ಷ ಅಜ್ಜಿ ಹಿಡಿದಿದ್ದಳು. ಈಗ ಅಜ್ಜಿಗೆ ಮೊಣಕಾಲು ನೋವು.

"ನೀ ಹಿಡಿಯವಾ," ಎಂದು ಅಪ್ಪ ತಂಬಿಗೆಯನ್ನು ಶಿವಾನಿಗೆ ಕೊಟ್ಟ. ಜೋಳದ ಬೆಳೆಯೊಳಗೆ ಒಂದು ಹಿಡಿ ಚೆಲ್ಲಿ ಕೂಗಿದ: "ಹುಲ್ಲುಲ್ಲಿಗೋ!"

"ಹುಲ್ಲುಲ್ಲಿಗೋ!" ಶಿವಾನಿಯೂ ಜೋರಾಗಿ ಕೂಗಿದಳು.

"ಏ ಹುಚ್ಚಿ, ಇಬ್ರೂ ಕರದ್ರ ಓ ಅನ್ನಾವ್ರು ಯಾರು?"

"ಮತ್ತೇನ ಅನ್ಬೇಕಪ್ಪಾ? ಮರ್ತೇನಿ."

ಅಪ್ಪ ಬುಟ್ಟಿ ಹಿಡಿದು ನಿಂತೇ ಇದ್ದ. ಅವನ ಕಣ್ಣು ಬದುವಿನ ಕಡೆ ಹೋಯಿತು.

ಅಲ್ಲಿಂದ, ಗಡಿಗೆಯೊಳಗಿಂದ ಬಂದಂತೆ, ಒಂದು ದನಿ ಕೇಳಿಸಿತು. "ಚಲ್ಲಂಬ್ರಿಗೋ!"

ಸುಂದರವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವ್ವ ಹೆಲ್ಮೆಟ್ಟಿನ ಗಾಜು ಮೇಲೆತ್ತಿ, "ಚರಗ ಅರ್ಧಾಕ್ಕ ನಿಂದರಬಾರ್ದು. ಮುಂದ ನಡಿ ಅಂತ ಹೇಳ ನಿಮ್ಮಪ್ಪಗ," ಎಂದಳು.

ಅಪ್ಪ ಮುಂದೆ ನಡೆದ. ಕೂಗಿ ನಿಲ್ಲುವನು. ಓಗೊಟ್ಟ ಮೇಲೆಯೇ ಮುಂದಿನ ಹೆಜ್ಜೆ ಇಡುವನು. ದೂರ ಹೋದ ಹಾಗೆ ಕೇಳಿಸದಾಯಿತೆಂದು ಅವ್ವ ಸ್ಕೂಟಿ ಇಳಿದು ಬದುವಿನ ಮೇಲೆಯೇ ಜೊತೆಗೆ ನಡೆದಳು. ಕೊನೆಯ ಮೂಲೆಗೆ ಬರುವಷ್ಟರಲ್ಲಿ ತಂಬಿಗೆ ಅವಳ ಕೈಯಲ್ಲಿತ್ತು. ಹೆಲ್ಮೆಟ್ ಮಾತ್ರ ತಲೆಯ ಮೇಲೆಯೇ ಇತ್ತು.

"ಊಟಾ ಮಾಡಿ ಹೋಗು, ಮಧು," ಅಪ್ಪ ಮೆಲ್ಲಗೆ ಅಂದ.

ಅವ್ವ ತಂಬಿಗೆ ಕೆಳಗಿಟ್ಟಳು. ಬದುವಿನ ಮೇಲೆ ಹಿಂದಿರುಗಿ ಹೋಗಿ ಸ್ಕೂಟಿ ಚಾಲೂ ಮಾಡಿದಳು. ಸ್ಕೂಟಿ ಬಂಡಿದಾರಿ ಹಿಡಿದು ಹೊರಟಿತು. ಶಿವಾನಿಯ ಕಣ್ಣು ತುಂಬಿ ಬಂದವು.

"ಇನ್ನೊಮ್ಮೆ ಕರಿಯಪ್ಪಾ!"

"ಕರದ್ನಲ್ಲವಾ. ಓ ಅನ್ಲಿಲ್ಲ."

"ಅವ್ವ ನಿನ್ನ ಎಷ್ಟ ಸಲ ಕರೀತಿದ್ಲು!"

ಅಪ್ಪ ಶಿವಾನಿಯ ಮುಖವನ್ನೇ ನೋಡಿದ. ಆಮೇಲೆ ಬುಟ್ಟಿ ಕೆಳಗಿಟ್ಟು, ಎರಡೂ ಕೈ ಬಾಯಿಗೆ ಹಿಡಿದು, ಆಚೆ ಹೊಲದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದ.

"ಹುಲ್ಲುಲ್ಲಿಗೋ!"

ದಾರಿಯ ತುದಿಯಲ್ಲಿ ಸ್ಕೂಟಿ ನಿಂತಿತು. ಅವ್ವ ಒಂದು ಕಾಲು ನೆಲಕ್ಕೆ ಊರಿದಳು. ಓಗೊಡಲಿಲ್ಲ.

ಅವ್ವನ ಬದಲು ತಾನೇ ಕೂಗೋಣವೆಂದು ಶಿವಾನಿ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. ಇದಕ್ಕೆ ಓ ಅನ್ನಬೇಕಾದವಳು ತಾನಲ್ಲ.

ಅಪ್ಪನ ಜೇಬಿನಲ್ಲಿ ಮೊಬೈಲ್ ಒದರತೊಡಗಿತು. ಅವನು ಅದನ್ನು ತೆಗೆಯಲೇ ಇಲ್ಲ. ದಾರಿಯನ್ನೇ ನೋಡುತ್ತ ನಿಂತಿದ್ದ. ಮೊಬೈಲ್ ಒದರಿ ಒದರಿ ತಾನೇ ಸುಮ್ಮನಾಯಿತು.

ಅಲ್ಲಿ, ದಾರಿಯ ತುದಿಯಲ್ಲಿ, ಅವ್ವ ಹೆಲ್ಮೆಟ್ ತೆಗೆದು ಸ್ಕೂಟಿಯ ಕನ್ನಡಿಗೆ ಸಿಕ್ಕಿಸಿದಳು.