ಕೋಲ್ಡ್ ರೂಮಿನ ಗಂಟೆ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರನ್ನು ಕೇಳಿ ದಫೇದಾರರಿಗೆ ಮೊದಲು ಬಂದದ್ದು ನಗು. ಮುಚ್ಚಿ ಹೋದ ಮಾಂಸದ ಕಾರ್ಖಾನೆಯಿಂದ ಗಂಟೆಯೊಂದು ಕಳುವಾಗಿದೆಯಂತೆ. ಸರ ಕಿತ್ತವರು, ಬೈಕು ಹೊಡೆದವರು ಸಾಲದೆಂದು ಈಗ ಗಂಟೆ ಕದಿಯುವವರೂ ಹುಟ್ಟಿಕೊಂಡರಲ್ಲ ಎಂದುಕೊಳ್ಳುತ್ತಾ ಪೆನ್ನು ತೆಗೆದರು.

ದೂರು ತಂದವರು ಆ ಕಾರ್ಖಾನೆಯ ಹಳೆಯ ಸೂಪರ್‌ವೈಸರ್. ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿದ್ದರೂ ಬೀಗದ ಕೈಗೊಂಚಲು ಅವರ ಸೊಂಟ ಬಿಟ್ಟಿರಲಿಲ್ಲ. ಕುರ್ಚಿಯಲ್ಲಿ ಕೂತವರು ದಫೇದಾರರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಪ್ಯಾಕಿಂಗ್‌ನಲ್ಲಿದ್ದವನಲ್ವಾ?" ಎಂದವರು ಖಾಕಿ ಬಟ್ಟೆ ನೆನಪಾಗಿ, "ಅಲ್ಲ, ನೀವು..." ಎಂದು ನಾಲಿಗೆ ಕಚ್ಚಿಕೊಂಡರು.

"ಹೌದು ಸಾರ್, ನಾನೇ. ಪೊಲೀಸ್ ಕೆಲಸ ಸಿಗೋ ತನಕ ಅಲ್ಲೇ ಇದ್ದೆ."

ಕಾರ್ಖಾನೆಯ ಕೆಲಸದ ನೆನಪನ್ನು ದಫೇದಾರರು ಯಾರಿಂದಲೂ ಬಚ್ಚಿಟ್ಟವರಲ್ಲ. ಬಿಸಿನೀರಿನ ಪೈಪು ಬಿಟ್ಟು ಎಷ್ಟು ತೊಳೆದರೂ ಕೊಬ್ಬಿನ ಜಿಡ್ಡಿಗೆ ಜಾರುವ ನೆಲ, ತಲೆಯ ಮೇಲೆ ಕಂಬಿಯುದ್ದಕ್ಕೂ ಕೊಕ್ಕೆಗೆ ನೇತುಬಿದ್ದು ಸಾಗುವ ಕುರಿಗಳು, ಸಂಜೆ ಮನೆಗೆ ಹೊರಟರೆ ಬೀದಿಯ ಬೆಕ್ಕುಗಳೆಲ್ಲ ಬೀಗರನ್ನು ಎದುರುಗೊಂಡಂತೆ ಬಂದು ಹಿಂದೆ ಬೀಳುತ್ತಿದ್ದದ್ದು, ಇವೆಲ್ಲ ಠಾಣೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆ ದಿನಗಳಲ್ಲಿ ಈ ಸೂಪರ್‌ವೈಸರ್ ಪಾಚಿ ಬಣ್ಣದ ಕೋಟು ತೊಟ್ಟು ಓಡಾಡುತ್ತಿದ್ದರು. ನಮ್ಮ ಬಿಳಿ ಏಪ್ರನ್ನುಗಳ ನಡುವೆ ಆ ಕೋಟು ಕಂಡರೆ ಸಾಕು, ಹರಟೆಯೆಲ್ಲ ಗಪ್‌ಚಿಪ್ ಎಂದು ದಫೇದಾರರು ಹೇಳುತ್ತಿದ್ದರು.

ಇನ್ಸ್‌ಪೆಕ್ಟರ್ ಮೇಡಂ ಒಳಗಿನಿಂದ ಬಂದು ಕೂತರು. ಅವರದ್ದು ಸುತ್ತಿಬಳಸುವ ಮಾತಲ್ಲ.

"ಹಳೇ ಗಂಟೆ. ಅದಕ್ಕೆ ಇಷ್ಟು ಅವಸರ ಯಾಕೆ?"

"ಕಟ್ಟಡ ಕೆಡವ್ತಾ ಇದ್ದಾರೆ ಮೇಡಂ. ಮಾಲೀಕರ ಮಗಳು ಬಂದು ಕೆಲವು ಹಳೇ ಸಾಮಾನು ಮನೇಲಿ ಇಡೋಕೆ ಬೇಕು ಅಂತ ಆರಿಸಿ ಹೋಗಿದ್ರು. ಅದ್ರಲ್ಲಿ ಕೋಲ್ಡ್ ರೂಮಿನ ಗಂಟೇನೂ ಒಂದು. ಗುರುವಾರ ಬರ್ತಾರೆ. ಅವರಿಗೆ ಹೇಗೆ ಮುಖ ತೋರಿಸ್ಲಿ?"

"ಕೊನೇಗೆ ಯಾವಾಗ ನೋಡಿದ್ರಿ?"

"ಶನಿವಾರ ಮಧ್ಯಾಹ್ನ. ಇವತ್ತು ಬೆಳಿಗ್ಗೆ ಇಲ್ಲ."

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಜೀಪು ಹೊರಟಿತು. ದಾರಿಯಲ್ಲಿ ಹಣ್ಣಿನ ಅಂಗಡಿಯವನನ್ನೂ ಒಬ್ಬ ಲಾರಿ ಚಾಲಕನನ್ನೂ ಪಂಚರಾಗಿ ಕರೆದುಕೊಂಡರು.

ಕಾರ್ಖಾನೆಯ ಪಕ್ಕದ ಗೋಡೆಯನ್ನು ಆಗಲೇ ಕೆಡವಿದ್ದರು. ಎತ್ತಿನಗಾಡಿ ನುಗ್ಗುವಷ್ಟು ಜಾಗ. ಅದರ ಎದುರಿಗೇ ಒಳಬಾಗಿಲು, ಬಾಗಿಲ ಮುಂದೆ ಕಾಲು ಅದ್ದುವ ತೊಟ್ಟಿ. ಹಿಂದೆ ಅದರ ತುಂಬ ಔಷಧಿ ನೀರಿರುತ್ತಿತ್ತು, ಬೂಟು ಅದ್ದದೆ ಒಬ್ಬರೂ ಒಳಗೆ ಹೋಗುವಂತಿರಲಿಲ್ಲ. ಈಗ ಅದರಲ್ಲಿ ಬೆರಳು ಹೂಳುವಷ್ಟು ಧೂಳು.

ಮೇಡಂ ತೊಟ್ಟಿಯ ಪಕ್ಕದಿಂದ ದಾಟಿ ನಿಂತು ಹಿಂದಿರುಗಿ ನೋಡಿದರು. ಧೂಳಿನಲ್ಲಿ ಚಿಕ್ಕ ಚಪ್ಪಲಿಗಳ ಗುರುತು ಅಚ್ಚೊತ್ತಿದಂತೆ ಮೂಡಿತ್ತು.

"ಪಕ್ಕದಲ್ಲಿ ಇಷ್ಟು ಜಾಗ ಬಿಟ್ಟು ಕಳ್ಳ ತೊಟ್ಟಿಯೊಳಗೆ ಯಾಕೆ ಇಳಿದ ದಫೇದಾರ್ರೇ?"

"ಅದೇ ನನಗೂ ತಿಳೀತಿಲ್ಲ ಮೇಡಂ."

"ನೀವು ಯಾಕೆ ಇಳಿದ್ರಿ?"

ದಫೇದಾರರು ಕೆಳಗೆ ನೋಡಿಕೊಂಡರು. ಬೂಟಿನ ಮೇಲೆಲ್ಲ ಧೂಳು. ಆ ಚಪ್ಪಲಿ ಗುರುತಿನ ಪಕ್ಕದಲ್ಲೇ ಇವರ ದೊಡ್ಡ ಹೆಜ್ಜೆಯೂ ಬಿದ್ದಿತ್ತು. ಯಾವಾಗ ಇಳಿದರೋ ಅವರಿಗೇ ಗೊತ್ತಿರಲಿಲ್ಲ. ಪಂಚರಿಬ್ಬರೂ ಮುಸಿಮುಸಿ ನಕ್ಕರು.

"ಇಲ್ಲಿ ದುಡಿದವರು. ಹೆಂಗಸಿರಬಹುದು," ಎಂದರು ಮೇಡಂ. "ಬರೆದುಕೊಳ್ಳಿ."

ಕೋಲ್ಡ್ ರೂಮಿನ ಹೊರಗೋಡೆಯ ಮೇಲೆ, ಎರಡಾಳೆತ್ತರದಲ್ಲಿ, ಗಂಟೆ ಇದ್ದ ಜಾಗ ಬೋಳಾಗಿತ್ತು. ಅದರಡಿಯಲ್ಲಿ ಮಾಂಸ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ಮೆಟ್ಟಿಲಿನಂತೆ ಬೋರಲು ಪೇರಿಸಿಟ್ಟಿತ್ತು. ಗೋಡೆಯ ತೂತಿನ ಮೂಲಕ ಒಳಗೆ ಇಳಿದಿದ್ದ ಸರಪಳಿ ಇನ್ನೂ ನೇತಾಡುತ್ತಿತ್ತು. ಒಳಗೆ ಕೆಲಸ ಮಾಡುವವನಿಗೆ ಏನಾದರೂ ಆದರೆ ಅದನ್ನು ಎಳೆಯಬೇಕು, ಹೊರಗೆ ಗಂಟೆ ಬಡಿಯಬೇಕು, ಬಾಗಿಲು ಕಾಯುವವರು ಓಡಬೇಕು. ಏರ್ಪಾಡು ಅಷ್ಟೇ.

ಬಾಗಿಲ ಪಕ್ಕದ ಮರದ ಹಲಗೆಯಲ್ಲಿ ಸಾಲಾಗಿ ಮೊಳೆಗಳು. ಎಲ್ಲವೂ ತುಕ್ಕು ಹಿಡಿದು ಖಾಲಿ ನಿಂತಿದ್ದವು. ಮೊದಲನೆಯ ಮೊಳೆಯಲ್ಲಿ ಮಾತ್ರ ಒಂದು ಹಿತ್ತಾಳೆ ಬಿಲ್ಲೆ ಫಳಫಳ ಹೊಳೆಯುತ್ತಿತ್ತು. ಧೂಳಿನ ಸೋಂಕೂ ಇರಲಿಲ್ಲ.

ದಫೇದಾರರು ಹತ್ತಿರ ಹೋಗಿ ಬಗ್ಗಿ ನೋಡಿದರು.

"ಇದೇನು?"

"ಬಿಲ್ಲೆ ಮೇಡಂ. ಕೋಲ್ಡ್ ರೂಮಿನೊಳಗೆ ಹೋಗೋರು ತಮ್ಮ ಬಿಲ್ಲೆ ಇಲ್ಲಿ ತೂಗುಹಾಕಿ ಹೋಗ್ಬೇಕು. ಹೊರಗೆ ಬಂದ್ಮೇಲೆ ತೆಗೀಬೇಕು. ಬಿಲ್ಲೆ ಇದೆ ಅಂದ್ರೆ ಆಳು ಒಳಗಿದ್ದಾನೆ ಅಂತ."

"ಅಂದ್ರೆ ಕಳ್ಳಿ ಒಳಗೂ ಹೋಗಿದ್ಲು. ಹೋಗೋವಾಗ ಇದನ್ನ ಹಾಕಿದ್ಲು. ತೆಗೆಯೋದು ಮರೆತ್ಲು." ಮೇಡಂ ಬಿಲ್ಲೆಯನ್ನು ತಿರುಗಿಸಿ ನೋಡಿದರು. "ಯಾರದ್ದು?"

"ನಂಬರಿಲ್ಲ ಮೇಡಂ."

ಹೇಳಿದ್ದು ಸುಳ್ಳಲ್ಲ. ಎಲ್ಲರ ಬಿಲ್ಲೆಯೂ ದುಂಡಗೆ, ಮೇಲೆ ನಂಬರು. ಚೌಕದ, ನಂಬರಿಲ್ಲದ ಬಿಲ್ಲೆ ಇಡೀ ಕಾರ್ಖಾನೆಗೆ ಒಂದೇ. ಅದು ಬಾಗಿಲು ಕಾಯುತ್ತಿದ್ದವಳದ್ದು. ಬಿಲ್ಲೆ ಅಕ್ಕ ಎಂದೇ ಎಲ್ಲರೂ ಅವಳನ್ನು ಕರೆಯುತ್ತಿದ್ದರು.

ಪಂಚನಾಮೆ ಮುಗಿಯಿತು. ಬಿಲ್ಲೆ ಕವರಿಗೆ ಸೇರಿ ಸೀಲಾಯಿತು. ವಾಪಸು ಬರುವಾಗ ದಫೇದಾರರಿಗೆ ಹಳೆಯದೆಲ್ಲ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಕೋಲ್ಡ್ ರೂಮಿನ ಹಿಂಬದಿಯಲ್ಲಿ ಜಾರಿ ಬಿದ್ದು ಅವರ ಕಾಲು ಉಳುಕಿತ್ತು. ಮೇಲೆದ್ದು ಸರಪಳಿಯವರೆಗೆ ಹೋಗಲಾಗದೆ, ಕೂಗಿದರೆ ಫ್ಯಾನುಗಳ ಸದ್ದಿನಲ್ಲಿ ಯಾರಿಗೂ ಕೇಳದೆ ಒದ್ದಾಡಿದ್ದರು. ಪಾಳಿ ಮುಗಿದು ದೀಪ ಆರಿಸಿದಾಗ ಜೀವ ಬಾಯಿಗೆ ಬಂದಿತ್ತು. ಆಗ ತೆರೆದ ಬಾಗಿಲಿನಿಂದ ಬಿಲ್ಲೆ ಅಕ್ಕನ ಗಂಟಲು ಕೇಳಿಸಿತು. "ಒಂದು ಬಿಲ್ಲೆ ಇನ್ನೂ ಮೊಳೇಲಿದೆ. ಅದು ಇರೋ ತನಕ ಬೀಗ ಹಾಕೋಕೆ ಯಾರಪ್ಪನಿಂದಲೂ ಆಗಲ್ಲ!" ಟಾರ್ಚು ಹಿಡಿದು ಬಂದವಳು ಇವರನ್ನು ಬೈಯುತ್ತಲೇ ಹೆಗಲು ಕೊಟ್ಟು ನಡೆಸಿದ್ದಳು. ಬೈದದ್ದು ಎಷ್ಟೆಂದರೆ ಕಾಲಿನ ನೋವು ಮರೆತುಹೋಗಿತ್ತು.

ಇವರು ಪೊಲೀಸ್ ತರಬೇತಿಗೆ ಹೋದ ಮೇಲೆ ಆ ಅಪಘಾತ ನಡೆದದ್ದು. ಒಳಗೆ ಲೋಡ್ ಮಾಡುತ್ತಿದ್ದ ಅವಳ ತಮ್ಮನ ಬಲಗೈ ಮೇಲೆ ಕಬ್ಬಿಣದ ರ‍್ಯಾಕು ಉರುಳಿತ್ತು. ಕೈ ಹೆಪ್ಪುಗಟ್ಟಿದ ಕಬ್ಬಿಣಕ್ಕೆ ಅಂಟಿ, ಬಿಡಿಸುವ ಹೊತ್ತಿಗೆ ಮೂರು ಬೆರಳು ಸತ್ತಿದ್ದವು. ಎಡಗೈಯಲ್ಲಿ ಸರಪಳಿ ಎಳೆದೆ, ಎಳೆದೇ ಎಳೆದೆ ಎಂದ ತಮ್ಮ. ಗಂಟೆ ಬಡಿಯಲೇ ಇಲ್ಲ ಎಂದಳು ಅಕ್ಕ. ಕಂಪನಿಯವರು ಗಂಟೆ ಸರಿಯಿತ್ತು ಎಂದರು. ಹಾಗಾದರೆ ಇವಳು ಜಾಗ ಬಿಟ್ಟು ಹರಟೆಗೆ ಹೋಗಿದ್ದಳು ಎಂದು ತೀರ್ಮಾನವಾಗಿ, ಅವಳ ಕೆಲಸ ಹೋಯಿತು. ತಮ್ಮನೂ ಅದನ್ನೇ ನಂಬಿ ಮಾತು ಬಿಟ್ಟ. ಊರೂ ನಂಬಿತು. ದಫೇದಾರರೂ ನಂಬಿದ್ದರು.

"ಮೇಡಂ," ಎಂದರು ಅವರು, ಠಾಣೆಯ ತಿರುವು ಬಂದಾಗ. "ಬಿಲ್ಲೆ ಯಾರದ್ದು ಅಂತ ನನಗೆ ಗೊತ್ತು."

"ನಿಮಗೆ ಗೊತ್ತು ಅಂತ ನನಗೂ ಗೊತ್ತು. ಯಾವಾಗ ಹೇಳ್ತೀರೋ ಅಂತ ನೋಡ್ತಿದ್ದೆ. ಗಾಡಿ ತಿರುಗಿಸಿ."

ದಾರಿಯಲ್ಲಿ ದಫೇದಾರರು ಆ ಅಪಘಾತದ ಕಥೆಯನ್ನೂ ಹೇಳಿದರು. ಬಿಲ್ಲೆ ಅಕ್ಕನದ್ದು ಬೀದಿಗೆ ಬಾಗಿಲಿದ್ದ ಒಂದೇ ಕೋಣೆ. ಹೊಲಿಗೆ ಯಂತ್ರದ ಮುಂದೆ ಕೂತು ದಿಂಬಿನ ಗವಸು ಹೊಲಿಯುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗಂಟೆಯನ್ನು ಬಚ್ಚಿಟ್ಟಿರಲಿಲ್ಲ. ಬಟ್ಟೆಯ ರಾಶಿಯ ಪಕ್ಕದಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ಸ್ಟೂಲಿನ ಮೇಲಿತ್ತು.

"ಬಂದ್ಯೇನೋ ಮಾರಾಯ," ಎಂದಳು ದಫೇದಾರರನ್ನು ನೋಡಿ. "ಮನೆಗೆ ಬಂದು ಪರ್ಸ್ ತೆಗೆದಾಗ್ಲೇ ಗೊತ್ತಾಯ್ತು, ಬಿಲ್ಲೆ ಅಲ್ಲೇ ಬಿಟ್ಟು ಬಂದಿದೀನಿ ಅಂತ. ಊರಿಗೆಲ್ಲ ಬುದ್ಧಿ ಹೇಳಿದವಳು ನಾನೇ ಮರೆತೆ ನೋಡು."

"ಗಂಟೆ ತೆಗೆದದ್ದು ನೀವೇನಾ?" ಮೇಡಂ ಕೇಳಿದರು.

"ನಾನೇ ತಾಯಿ."

"ಯಾವಾಗ?"

"ನಿನ್ನೆ ಮಧ್ಯಾಹ್ನ. ಭಾನುವಾರ, ಕೆಡವೋರು ಇರ್ಲಿಲ್ಲ."

"ಒಬ್ಬರೇನಾ?"

"ಒಬ್ಬಳೇ. ಇದೇ ಮಿಷಿನ್ನಿನ ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚಿದೆ. ಸೊಂಟ ಇನ್ನೂ ಹಿಡ್ಕೊಂಡಿದೆ."

"ಯಾಕೆ?"

ಅವಳು ಹೊಲಿಗೆಯ ದಾರ ಕತ್ತರಿಸಿ ಗವಸನ್ನು ಮಡಿಸಿಟ್ಟಳು.

"ನನ್ನ ಆವತ್ತೇ ಹೊರಗೆ ಹಾಕಿದ್ರು. ಏಪ್ರನ್ ಕಿತ್ಕೊಂಡ್ರು, ಬೂಟು ಬಿಚ್ಚಿಸ್ಕೊಂಡ್ರು, ಬಿಲ್ಲೆ ಯಾರೂ ಕೇಳ್ಲಿಲ್ಲ. ಮತ್ತೆ ಗೇಟಿನೊಳಗೆ ಕಾಲಿಡೋಕೆ ಬಿಡ್ಲಿಲ್ಲ. ನಾನು ಜಾಗ ಬಿಟ್ಟು ಅಲ್ಲಾಡಿಲ್ಲ ತಾಯಿ. ನನ್ನ ತಮ್ಮ ಸುಳ್ಳು ಹೇಳೋನಲ್ಲ. ಅವನು ಎಳೆದಿದ್ದು ನಿಜ, ನಾನು ಅಲ್ಲೇ ಇದ್ದಿದ್ದೂ ನಿಜ. ಹಾಗಾದ್ರೆ ನನ್ನ ಕಿವೀನೇ ಕೈಕೊಡ್ತಾ? ಇಷ್ಟು ವರ್ಷ ಇದೊಂದನ್ನೇ ಕೇಳ್ಕೊಂಡೆ. ಕಟ್ಟಡ ಕೆಡವ್ತಾರೆ ಅಂದ್ರು. ಇನ್ನು ಸುಮ್ಮನಿದ್ರೆ ಸಾಯೋ ತನಕ ಗೊತ್ತಾಗಲ್ಲ ಅಂತ ಹೋದೆ. ಒಳಗೆ ಹೋಗಿ ಸರಪಳಿ ಎಳೆದೆ. ಪಿಟ್ ಅನ್ಲಿಲ್ಲ. ಇನ್ನೂ ಜೋರಾಗಿ ಎಳೆದೆ. ಆಮೇಲೆ ಹತ್ತಿ ನೋಡಿದೆ."

ಮೇಡಂ ಬಗ್ಗಿ ಗಂಟೆಯ ಬಾಯೊಳಗೆ ಟಾರ್ಚು ಬಿಟ್ಟರು. ನಾಲಿಗೆಯ ಸುತ್ತ ಬಟ್ಟೆ ತುರುಕಿ ಬಿಗಿದಿತ್ತು. ಮಾಸಿ ಗಟ್ಟಿಯಾಗಿದ್ದರೂ ಬಣ್ಣ ತಿಳಿಯುತ್ತಿತ್ತು. ದಫೇದಾರರು ನೋಡಿದ ಕೂಡಲೇ ಗುರುತು ಹಿಡಿದರು. ಪಾಚಿ ಬಣ್ಣದ ಕೋಟಿನ ಸೊಂಟಪಟ್ಟಿ.

"ನಾನು ಅದನ್ನ ಮುಟ್ಟಿಲ್ಲ," ಎಂದಳು ಅಕ್ಕ. "ತಮ್ಮ ಬಂದು ತನ್ನ ಕಣ್ಣಾರೆ ನೋಡ್ಲಿ ಅಂತ ಹಾಗೇ ಇಟ್ಟಿದೀನಿ. ಹೇಳಿ ಕಳಿಸಿದೆ. ಬರಲ್ಲ ಅಂದ. ನನ್ನ ಜೈಲಿಗೆ ಬೇಕಾದ್ರೂ ಹಾಕು ತಾಯಿ, ಬಟ್ಟೆ ಮಾತ್ರ ತೆಗೀಬೇಡ. ತೆಗೆದ್ರೆ ಇದು ಬರೀ ಗಂಟೆ."

"ತೆಗೆಯೋಕೆ ನನಗೂ ಅಧಿಕಾರ ಇಲ್ಲ," ಎಂದರು ಮೇಡಂ. "ಹೇಗಿದೆಯೋ ಹಾಗೇ ಜಪ್ತಿಯಾಗುತ್ತೆ."

ನಾಲ್ಕೂವರೆಗೆ ಗುರುತಿಸಲು ಸೂಪರ್‌ವೈಸರ್ ಠಾಣೆಗೆ ಬಂದರು.

"ಇದೇ ಮೇಡಂ, ನಮ್ಮ ಗಂಟೇನೇ. ಅಬ್ಬಾ, ಸಿಕ್ತಲ್ಲ!"

"ಒಳಗೂ ನೋಡಿ ಹೇಳಿ."

ನೋಡಿದವರ ಮುಖ ಹುಳ್ಳಗಾಯಿತು. ಬಹಳ ಹೊತ್ತು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

"ಟ್ರಾಲಿ ಸರಪಳಿಗೆ ತಗುಲಿದ್ರೂ ಢಣ್ ಅಂತ ಬಡ್ಕೋತಿತ್ತು ಮೇಡಂ. ಆ ಅಪಘಾತಕ್ಕೆ ಮುಂಚೆ ಒಂದಿನ ದೊಡ್ಡೋರು ಯಾರೋ ನೋಡೋಕೆ ಬರೋರಿದ್ರು. ಒಂದು ದಿನದ ಮಟ್ಟಿಗೆ ಅಂತ..."

"ಆಮೇಲೆ?"

"ಮರೆತೆ."

"ಅವನ ಬೆರಳು ಹೋದಾಗ ನೆನಪಾಯ್ತಾ?"

ಸೂಪರ್‌ವೈಸರ್ ಕರ್ಚೀಫನ್ನು ಮಡಿಸಿ ಜೇಬಿಗಿಟ್ಟರು.

"ಗಂಟೆ ಸರಿಯಿತ್ತು ಅಂತ ಹೇಳಿಕೆ ಕೊಟ್ಟವರು ಯಾರು?"

"ನಾನೇ."

"ಇಷ್ಟು ವರ್ಷದಲ್ಲಿ ಬಟ್ಟೆ ತೆಗೀಬಹುದಿತ್ತಲ್ಲ?"

"ಹೊಸ ಗಂಟೆ ಬಂತು, ಇದರ ಕಡೆ ಯಾರೂ ತಲೆ ಎತ್ತಲಿಲ್ಲ. ಏಣಿ ಹಾಕಿದ್ರೆ ಎಲ್ರೂ ನೋಡ್ತಿದ್ರು. ಕಾರ್ಖಾನೆ ಮುಚ್ಚಿದ ಮೇಲೆ ಇನ್ಯಾರು ನೋಡ್ತಾರೆ ಅಂತ ಬಿಟ್ಟೆ." ಅವರು ತಲೆ ತಗ್ಗಿಸಿದರು. "ಗುರುವಾರದೊಳಗೆ ನಾನೇ ಇಳಿಸೋಣ ಅಂತಿದ್ದೆ. ಮೇಡಂ, ದೂರು ವಾಪಸ್ ತಗೊಳ್ತೀನಿ."

"ಎಫ್‌ಐಆರ್ ಆಗಿದೆ. ಗಂಟೆ ಈಗ ಕೋರ್ಟಿನ ಸೊತ್ತು. ನಿಮ್ಮ ಹೇಳಿಕೇನೂ ಬರ್ಕೋಬೇಕು, ಕೂತ್ಕೊಳ್ಳಿ."

ಐದಕ್ಕೆ ಬಿಲ್ಲೆ ಅಕ್ಕನ ದಸ್ತಗಿರಿ ದಾಖಲಾಯಿತು. ಅತಿಕ್ರಮ ಪ್ರವೇಶ, ಕಳವು. ಅವಳು ಬೆಂಚಿನ ಮೇಲೆ ಸೆರಗು ಸರಿಮಾಡಿಕೊಂಡು ಕೂತಳು. ದಫೇದಾರರು ಫೋನಿನ ಬಳಿ ಹೋಗಿ, ಮೇಡಂ ಕಡೆ ನೋಡಿದರು. ಮೇಡಂ ಕಂಡೂ ಕಾಣದಂತೆ ಕಾಗದ ತಿರುಗಿಸಿದರು.

"ನಿಮ್ಮಕ್ಕನ್ನ ದಸ್ತಗಿರಿ ಮಾಡಿದೀವಿ," ಎಂದರು ದಫೇದಾರರು ಫೋನಿನಲ್ಲಿ. "ಜಾಮೀನಿಗೆ ಒಬ್ಬರು ಬೇಕು. ನೀವು ಬರದಿದ್ರೆ ರಾತ್ರಿ ಇಲ್ಲೇ ಇರ್ತಾರೆ. ಇಷ್ಟೇ ಹೇಳೋಕಿತ್ತು."

ತಮ್ಮ ಬರುವ ಹೊತ್ತಿಗೆ ಆರು ದಾಟಿತ್ತು. ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಒಳಗೆ ಬಂದ. ಅಕ್ಕನ ಕಡೆ ತಿರುಗಲಿಲ್ಲ.

"ಎಲ್ಲಿ ಸಹಿ?"

"ಮೊದಲು ಇದನ್ನ ನೋಡಿ," ಎಂದರು ಮೇಡಂ. "ಆ ಅಪಘಾತದ ಬಗ್ಗೆ ನಿಮ್ಮ ಹೇಳಿಕೆ ಬೇಕಾಗುತ್ತೆ."

ಅವನು ಗಂಟೆಯ ಮುಂದೆ ನಿಂತ. ಸರಪಳಿ ಕಟ್ಟುವ ಕೊಂಡಿಯನ್ನು ಎಡಗೈಯಲ್ಲಿ ಹಿಡಿದು ಎಳೆದ. ನಾಲಿಗೆ ಬಟ್ಟೆಯೊಳಗೆ ಮಿಸುಕಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಎಳೆದ. ಮತ್ತೂ ಒಮ್ಮೆ. ದಫೇದಾರರಿಗೆ ನೋಡಲಾಗಲಿಲ್ಲ, ಕಿಟಕಿಯ ಕಡೆ ತಿರುಗಿದರು. ಕಣ್ಣು ತುಂಬಿ ಬಂದಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವರು ಹೋಗಲಿಲ್ಲ.

"ಅಕ್ಕಾ," ಎಂದ ತಮ್ಮ, ಗಂಟೆಯನ್ನೇ ನೋಡುತ್ತಾ. "ನಾನು ಎಳೆದಿದ್ದೆ ಕಣೇ."

"ಗೊತ್ತು ಕಣೋ."

"ನೀನು ಅಲ್ಲೇ ಇದ್ದೆ."

"ಅಲ್ಲೇ ಇದ್ದೆ."

ಜೇಬಿನಿಂದ ಬಲಗೈ ತೆಗೆದು ಉಳಿದ ಎರಡು ಬೆರಳಿನಲ್ಲಿ ಪೆನ್ನು ಹಿಡಿದು ಅವನು ಜಾಮೀನಿಗೆ ಸಹಿ ಹಾಕಿದ. ಅಕ್ಕ ಎದ್ದು ಬಂದು, ಅಕ್ಷರ ಸೊಟ್ಟಗಾದಲ್ಲೆಲ್ಲ ಕಾಗದ ಜರುಗದಂತೆ ಒತ್ತಿ ಹಿಡಿದಳು.

ಗಂಟೆಗೆ ಅರಗಿನ ಸೀಲು ಹಾಕುತ್ತಾ ದಫೇದಾರರು ಯೋಚಿಸಿದರು. ಈ ಕಳ್ಳತನದಲ್ಲಿ ಕದ್ದವಳಿಗೆ ವಸ್ತುವಿನ ಆಸೆ ಇರಲಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳರಾಗಲೇಬೇಕು ಎಂದು ಲೋಕವೆಲ್ಲ ಹೇಳಿದಾಗ, ತಮ್ಮನನ್ನು ಸುಳ್ಳನೆನ್ನಲು ಬಾಯಿ ಬಾರದೆ, ಅವಳು ಇಷ್ಟೂ ವರ್ಷ ತನ್ನ ಕಿವಿಯನ್ನೇ ಅನುಮಾನಿಸಿಕೊಂಡು ಬದುಕಿದ್ದಳು.

ಹೊರಟವಳನ್ನು ಅವರು ಬಾಗಿಲಲ್ಲಿ ತಡೆದರು.

"ಅಕ್ಕಾ, ನಿನ್ನ ಬಿಲ್ಲೆಯೂ ಕೇಸಿಗೆ ಸೇರಿದೆ. ಮುಗಿದ ಮೇಲೆ ನಾನೇ ತಂದು ಕೊಡ್ತೀನಿ."

"ಅದನ್ನ ಕಟ್ಕೊಂಡು ನಾನೇನು ಮಾಡ್ಲಿ?" ಎಂದಳು ಅವಳು, ಮೆಟ್ಟಿಲಿಳಿಯಲು ತಮ್ಮನ ತೋಳು ಹಿಡಿಯುತ್ತಾ. "ಇಬ್ಬರೂ ಹೊರಗೆ ಬಂದಾಯ್ತಲ್ಲ."