ಬಾಯಿಗೆ ಬಾರದ ಹೆಸರು

ಮಧುಮತಿ ಮೇಡಂ ಸೇಬಿನ ಚಿತ್ರ ತೋರಿಸಿದರು. ಉಳವಪ್ಪ ತುಟಿ ಅಲ್ಲಾಡಿಸಿದ, ಮಾತು ಬರಲಿಲ್ಲ. ಆನೆ, ಕೊಡೆ, ಗಡಿಯಾರ, ಯಾವುದಕ್ಕೂ ಬರಲಿಲ್ಲ.

ಕಾಳಿ ನದಿಯ ಮೊರೆತವನ್ನೂ ಮೀರಿ ಕೂಗುತ್ತ ರಾಫ್ಟ್ ನಡೆಸುತ್ತಿದ್ದ ಗೈಡ್ ಅವನು. ಹಳಿಯಾಳದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಎಲ್ಲ ತಿಳಿಯುತ್ತಿತ್ತು, ನುಡಿ ಮಾತ್ರ ಸಿಗುತ್ತಿರಲಿಲ್ಲ. ಅವನೊಂದಿಗೆ ಮದುವೆ ನಿಶ್ಚಯವಾಗಿದ್ದ ಸನವಳ್ಳಿಯ ಸುಮಿತಾ ವಾರವಾರವೂ ಅವನನ್ನು ದಾಂಡೇಲಿಗೆ, ಈ ಮಾತಿನ ಚಿಕಿತ್ಸೆಗೆ, ಕರೆತರುತ್ತಿದ್ದಳು.

"ಅವರದ ಏನರ ತರ್ರಿ," ಎಂದರು ಮೇಡಂ. "ತನ್ನದು ಅನ್ನೋದನ್ನ ಮಿದುಳು ಲಗೂನ ಹಿಡೀತೈತಿ."

ಮುಂದಿನ ವಾರ ಸುಮಿತಾ ಅವನ ರಾಫ್ಟಿನ ಹುಟ್ಟನ್ನೇ ಹೊತ್ತು ತಂದಳು. ಸವೆದ ಹಿಡಿಕೆಯನ್ನು ಅವನ ಬೆರಳುಗಳು ಮೆಲ್ಲಗೆ ಸುತ್ತಿಕೊಂಡವು.

"ನಂದು," ಎಂದ. ಸ್ವಲ್ಪ ಹೊತ್ತಿಗೆ, "ಹುಟ್ಟು."

ಅವಳ ಕಣ್ಣು ತುಂಬಿದವು.

ಬಳಿಕ 'ಕಾಳಿ' ಬಂತು, 'ಅವ್ವ' ಬಂತು, 'ಹಳಿಯಾಳ' ಬಂತು. 'ಸುಮಿತಾ' ಮಾತ್ರ ಬರಲಿಲ್ಲ.

"ನಾ ಅವರಿಗೆ ಹೊರಗಿನಾಕಿ ಆದ್ನೇನ್ರಿ ಮೇಡಂ?"

"ಹೆಸರು ಬರಾಕ ಭಾಳ ತಡಾ ಆಗತೈತಿ. ಅದರಾಗ ಪ್ರೀತಿ ಅಳೀಬ್ಯಾಡ್ರಿ."

ಸುಮಿತಾ ತಲೆಯಾಡಿಸಿದಳು. ಎದೆಯ ಮುಳ್ಳು ಮಾತ್ರ ಅಲ್ಲೇ ಉಳಿಯಿತು.

ಸುದ್ದಿ ಕೇಳಿ ಅವಳ ಅಪ್ಪ ಶರಣಬಸವ ಹಳಿಯಾಳಕ್ಕೆ, ಉಳವಪ್ಪನ ಮನೆಗೇ ಬಂದ. ಸುಮಿತಾ ಅಂದು ಅಲ್ಲೇ ಇದ್ದಳು.

"ನಿನ್ನ ಹೆಸರು ಸೈತ ಬರದಾಂವನ ಕೂಡ ಹೆಂಗ ಬಾಳ್ವೆ ಮಾಡ್ತಿ? ನಡಿ, ಊರಿಗೆ ಹೋಗೂಣು."

ಉಳವಪ್ಪ ಎದ್ದು ನಿಂತ. ಅವಳ ಮುಖವನ್ನೇ ನೋಡುತ್ತ ಬಾಗಿಲಿನತ್ತ ಕೈ ಮಾಡಿದ. "ಹೋ... ಹೋಗು."

ಅವಳು ಕದಲಲಿಲ್ಲ. "ನನ್ನ ಹೆಸರು ಹಿಡದು ಹೇಳ್ರಿ, ಹೋಗ್ತೇನಿ," ಎಂದಳು. ತುಟಿಯಂಚಿನಲ್ಲಿ ಅವನನ್ನು ಕಾಡಿಸುವ ಆ ಹಳೆಯ ನಗು, ಕಣ್ಣಲ್ಲಿ ನೀರು.

ಅವನ ಹಣೆ ಬೆವರಿತು. "ಸು..." ಎಂದ. ಮುಂದಿನ ಅಕ್ಷರ ಸಿಗಲಿಲ್ಲ. ಸೋತು ಶರಣಬಸವನ ಕಡೆ ತಿರುಗಿದ. ಅವಳತ್ತ ಕೈ ತೋರಿಸಿ, ಒಂದಿಷ್ಟೂ ತಡವರಿಸದೆ ನುಡಿದ:

"ನಮ್ಮಾಕಿ."

ಶರಣಬಸವನೂ ತನ್ನ ಹೆಂಡತಿಯನ್ನು ನಾಲ್ಕು ಮಂದಿಯೆದುರು ಜೀವಮಾನವಿಡೀ ಹಾಗೇ ಅಂದಿದ್ದ. ಹೆಸರು ಹಿಡಿದದ್ದೇ ಇಲ್ಲ.

"ಅದು ಹೆಸರಲ್ಲರೀ," ಸುಮಿತಾ ಬಿಕ್ಕುತ್ತಲೇ ನಕ್ಕಳು. "ನಾ ಹೋಗಂಗಿಲ್ಲ."

ಶರಣಬಸವ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಉಳವಪ್ಪನನ್ನು ಕೂರಿಸಿ ತಾನೂ ಪಕ್ಕದಲ್ಲಿ ಕೂತ.

"ಲಗ್ನ ಯಾವಾಗ ಇಟ್ಕೊಳ್ಳೂಣು, ಹೇಳಪಾ," ಎಂದು ಕೇಳಿ, ಉತ್ತರ ಎಷ್ಟು ತಡವಾದರೂ ಆಗಲೆಂದು ಸುಮ್ಮನೆ ಕಾದ.